ಸಾಹೇಬರಿಗೆ ಓದಿ ಕೇಳಿಸಿದ ಇಂಗ್ಲಿಷು

ನಿಂತ ಇಂಗ್ಲಿಷು ನನಗೆ ಬರುತ್ತದೆ. ಓಡುವ ಇಂಗ್ಲಿಷು ಬರುವುದಿಲ್ಲ. ಪುಸ್ತಕದಲ್ಲಿ ಕೈಕಟ್ಟಿ ನಿಂತ ವಾಕ್ಯ ಕೊಡಿ, ಕರ್ತೃ, ಕರ್ಮ, ಕ್ರಿಯಾಪದ ಎಲ್ಲವನ್ನೂ ಬಿಡಿಸಿಡುತ್ತೇನೆ. ನಾನು ಬಿ.ಎ. ಮಾಡಿದ್ದೇ ಹಾಗೆ. ಹೈದರಾಬಾದಿನಲ್ಲಿ ನಮ್ಮ ಇಂಗ್ಲಿಷ್ ಮಾಸ್ತರರು ಇಂಗ್ಲಿಷನ್ನು ಉರ್ದುವಿನಲ್ಲಿ ಕಲಿಸುತ್ತಿದ್ದರು. ಔರಾದಿನ ನನ್ನ ಮಾವನವರು ಮಾತ್ರ, ಅಳಿಯ ಇಂಗ್ಲಿಷಿನಲ್ಲಿ ಹುಲಿ ಎಂದು ನಂಬಿ ಮಗಳನ್ನು ಕೊಟ್ಟಿದ್ದರು.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ್ದೇ ತಡ, ನಾನು ಗುಮಾಸ್ತನಾಗಿದ್ದ ಕಚೇರಿಯ ಉರ್ದು ಕಡತಗಳು ಕಪಾಟು ಸೇರಿದವು, ಮೈಸೂರಿನಿಂದ ಹೊಸ ಸಾಹೇಬರು ಬಂದರು. ಅವರು ಪತ್ರ ಹೇಳಿ ಬರೆಸತೊಡಗಿದಾಗ, ಇಂಗ್ಲಿಷಿನಲ್ಲಿ ಪದಗಳ ನಡುವೆ ಜಾಗವೇ ಇಲ್ಲವೆಂದು ನನಗೆ ತಿಳಿಯಿತು. ಒಂದರ ಬೆನ್ನಿಗೆ ಒಂದು ಮೂತಿಯಿಟ್ಟು ಕುರಿಗಳು ಒಡ್ಡು ದಾಟಿದ ಹಾಗೆ. ನಾನು ಮೊದಲ ಕುರಿಯ ವ್ಯಾಕರಣ ನೋಡುವಷ್ಟರಲ್ಲಿ ಹಿಂಡೇ ಆಚೆ ಹೋಗಿರುತ್ತಿತ್ತು. ಒಂದು ದಿನ ಅವರು ಏನೋ ಗದರಿದರು. ತಿಂಗಳೊಳಗೆ ಸುಧಾರಿಸದಿದ್ದರೆ ಹಳೆಯ ಕಡತಗಳನ್ನು ಕೂಡಿಡುವ ಔರಾದಿನ ದಫ್ತರಖಾನೆಗೆ ವರ್ಗ ಎಂದು ಅದರ ಅರ್ಥವಂತೆ. ಹೆಡ್‌ಕ್ಲರ್ಕು ಆಮೇಲೆ ಬಿಡಿಸಿ ಹೇಳಿದರು. ಇಂಗ್ಲಿಷ್ ಬಾರದೆಂಬ ಕಾರಣಕ್ಕೆ, ಅದೂ ಮಾವನ ಊರಿಗೇ.

ಜವಾನ ಖಾಸಿಂಸಾಬನಿಗೆ ಇಂಗ್ಲಿಷಿನ ಗಂಧವಿರಲಿಲ್ಲ, ಆದರೆ ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದ ಒಂದು ಕೆಲಸವೂ ಅವನಿಗೆ ತಪ್ಪುತ್ತಿರಲಿಲ್ಲ. ಸಾಹೇಬರ ಜೊತೆ ಭಾಲ್ಕಿ ಕ್ಯಾಂಪಿಗೆ ಹೊರಡುವ ಹಿಂದಿನ ದಿನ, ಇದರ ಗುಟ್ಟೇನೆಂದು ಅವನನ್ನೇ ಕೇಳಿದೆ.

"ಎಲ್ಲಾ ಯಾಕ ಹಿಡೀಲಿಕ್ಕ ಹೋಗ್ತೀರಿ? ಕುರ್ಚಿ ಕುಟ್ಟಿ ಹೇಳಿದ್ದಷ್ಟ ಬರಕೋರಿ. ಉಳಿದದ್ದು ಎಲ್ಲಾ ಪತ್ರದಾಗೂ ಇರೂದೇ ಅದರಿ. ಆಮ್ಯಾಲ ನಿಂತು ಓದಿ ಕೇಳಸ್ರಿ. ಹಳೀ ಸಾಹೇಬ್ರು ಕೇಳಲಾರ್ದ ಸಹಿ ಹಾಕ್ತಿದ್ದಿಲ್ಲ."

ಭಾಲ್ಕಿಯಲ್ಲೊಂದು ಸಾರ್ವಜನಿಕ ಬಾವಿಯ ಗೋಡೆ ಕುಸಿದಿತ್ತು. ಅಲ್ಲಿನ ಗುಮಾಸ್ತರೆಲ್ಲರ ಮುಂದೆ ಸಾಹೇಬರು ಕಣ್ಣು ಮುಚ್ಚಿ ವರದಿ ಹೇಳಿದರು. ಕುರ್ಚಿಯ ತೋಳನ್ನು ಮೂರು ಸಲ ಕುಟ್ಟಿದರು: ಬಾವಿ, ಗೋಡೆ, ಹದಿನೈದು ದಿನ. ನಡುವಿನ ಜಾಗಕ್ಕೆ ನಾನು ಓದಿದ ವ್ಯಾಕರಣವನ್ನೆಲ್ಲ ಸುರಿದೆ. ಆಮೇಲೆ ನಿಜಾಮರ ಕಾಲದ ಪದ್ಧತಿಯಂತೆ ಎದ್ದು ನಿಂತು ದೊಡ್ಡ ದನಿಯಲ್ಲಿ ಓದಿದೆ. ಭಾಲ್ಕಿಯವರಿಗೆ ಪದ್ಧತಿ ಗೊತ್ತಿತ್ತು, ಅವರೂ ಎದ್ದು ನಿಂತರು. ಸಾಹೇಬರು ಕಣ್ಣು ಬಿಟ್ಟರು.

"ಇದು ನಾನು ಹೇಳಿದ್ದಲ್ಲ," ಎಂದರು, ಕನ್ನಡದಲ್ಲಿ, ಬಿಡಿಬಿಡಿಯಾಗಿ.

ಔರಾದಿನ ಬಸ್ಸು ಕಣ್ಣ ಮುಂದೆ ಬಂದು ನಿಂತಿತು. ಅವರು ಕಾಗದ ಇಸಿದುಕೊಂಡು ಇನ್ನೊಮ್ಮೆ ಓದಿದರು.

"ಹೇಳಿದ್ದಕ್ಕಿಂತ ಚೆನ್ನಾಗಿದೆ ಕಣ್ರೀ," ಎಂದು ಸಹಿ ಹಾಕಿದರು.

ಈ ಕೊನೆಯ ಮಾತನ್ನು ಅವರು ಆಡಿದ್ದು ಹೌದೋ, ನಾನೇ ವರ್ಷಗಳಲ್ಲಿ ಸೇರಿಸಿಕೊಂಡೆನೋ ಹೇಳಲಾರೆ. ದಿನಚರಿಯಲ್ಲಿ ಇರುವುದು ಇಷ್ಟೇ: 'ಭಾಲ್ಕಿ. ಸಹಿ ಆಯಿತು. ಬದನೆಕಾಯಿ ಚೆನ್ನಾಗಿತ್ತು.' ಆದರೆ ಗೋಡೆ ಎದ್ದದ್ದು ನಿಜ, ನಾನು ಬೀದರದಲ್ಲೇ ಉಳಿದದ್ದೂ ನಿಜ. ಮಾವನವರಂತೂ, ಮೈಸೂರಿನ ಸಾಹೇಬರಿಗೆ ತಮ್ಮ ಅಳಿಯನೇ ಇಂಗ್ಲಿಷ್ ತಿದ್ದುತ್ತಾನೆಂದು ಔರಾದಿನ ತುಂಬ ಹೇಳಿಕೊಂಡು ಬಂದರು. ನಾನು ತಡೆಯಲಿಲ್ಲ.

ಮರುದಿನದಿಂದ ಸಾಹೇಬರು ಹೇಳಿ ಬರೆಸುವುದನ್ನೇ ಬಿಟ್ಟರು. ಕನ್ನಡದಲ್ಲಿ ಮೂರು ಮಾತು ಹೇಳುವರು, ಉಳಿದದ್ದು ನನಗೆ. ಹೀಗಾಗಿ ಮೂರು ವರ್ಷ ಅವರ ಕೈಕೆಳಗೆ ಇಂಗ್ಲಿಷಿನ ಹುಲಿಯಾಗಿ ಮೆರೆದೆ. ಅವರ ಇಂಗ್ಲಿಷು ಮಾತ್ರ ನನಗೆ ಕೊನೆಯವರೆಗೂ ಒಂದಕ್ಷರ ತಿಳಿಯಲಿಲ್ಲ.