ನನ್ನ ಅಂಗಾಲಿನ ಮೋಜಣಿ

ಅಳೆಯುವುದನ್ನೇ ಕಸುಬು ಮಾಡಿಕೊಂಡವನಿಗೆ ಅಳೆಸಿಕೊಳ್ಳುವುದೆಂದರೆ ಆಗಿಬರುವುದಿಲ್ಲ. ದರ್ಜಿಯ ಟೇಪಿನ ಮುಂದೆಯೂ ಹೊಟ್ಟೆ ಒಳಕ್ಕೆಳೆದುಕೊಂಡು ನಿಂತವನು ನಾನು. ಪಾಂಡವಪುರದ ಮೋಜಣಿ ಕಚೇರಿಯಲ್ಲಿ ಸರ್ವೆಯರ್ ಆಗಿ ಇಪ್ಪತ್ತು ವರ್ಷ ಊರೂರಿನ ಹೊಲಗದ್ದೆಗಳಲ್ಲಿ ಸರಪಳಿ ಎಳೆಸಿದ್ದೇನೆ. ಬದುವಿನ ಜಗಳದಲ್ಲಿ ಸೋತವರು ಯಾರೂ ತಮ್ಮದು ತಪ್ಪೆಂದು ಒಪ್ಪಿದ್ದಿಲ್ಲ. "ಸರಪಳಿ ಸುಳ್ಳೇಳ್ತದೆ ಸ್ವಾಮಿ, ಇನ್ನೊಂದ್ಸಲ ಇಡ್ಸಿ" ಎನ್ನುವುದೇ ಅವರ ವಾಡಿಕೆ. ಸರಪಳಿಗೆ ಯಾರ ಮೇಲೂ ಹಗೆಯಿಲ್ಲಪ್ಪ ಎಂದು ನಾನು ದೊಡ್ಡ ಮನುಷ್ಯನಂತೆ ಬುದ್ಧಿ ಹೇಳುತ್ತಿದ್ದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಸಕ್ಕರೆ ಕಾಯಿಲೆಗೆ ಐದಾರು ವರ್ಷವಾಗಿ, ಅಂಗಾಲು ಸದಾ ಜೋಮು ಹಿಡಿದಂತಿರುತ್ತಿತ್ತು. ಕೆ.ಆರ್. ಪೇಟೆಯ ಕಲ್ಯಾಣ ಮಂಟಪವೊಂದರಲ್ಲಿ ತಪಾಸಣಾ ಶಿಬಿರ ನಡೆಯುತ್ತದೆ, ಬೂಟಿನೊಳಗಿಟ್ಟು ಪಾದದ ಒತ್ತಡ ಅಳೆಯುವ ಯಂತ್ರ ಬರುತ್ತದೆ ಎಂದು ಸುದ್ದಿಯಾಯಿತು. ಕಾಲು ಸರಿಯಿದೆಯೆಂದು ಅಲ್ಲಿಂದ ಚೀಟಿ ತಂದರೆ ಹೊಲಕ್ಕೆ ಕಳಿಸುತ್ತೇನೆ, ಇಲ್ಲದಿದ್ದರೆ ದಾಖಲೆ ಕೋಣೆಯಲ್ಲಿ ಕೂರಿ ಎಂದು ನಮ್ಮ ಸಾಹೇಬರು ಹೇಳಿಬಿಟ್ಟರು. ದಾಖಲೆ ಕೋಣೆಯಲ್ಲಿರುವುದು ದೂಳು ಮತ್ತು ಜಿರಳೆ. ಹೊಲ ಅಳೆದ ದಿನ ಎಳನೀರು, ಬಿಸಿ ಮುದ್ದೆ, ಉಪ್ಸಾರು. ನನ್ನ ಸಂಕಟ ನಿಮಗೆ ಅರ್ಥವಾಗಿರಬೇಕು.

ನನಗೆ ಚಪ್ಪಲಿಯೇ ಗತಿ, ಕೆಸರುಗದ್ದೆಯಲ್ಲಿ ಅದೂ ಕೈಯಲ್ಲಿರುತ್ತದೆ. ಇದ್ದದ್ದು ಮದುವೆಯಲ್ಲಿ ಮಾವನವರು ಕೊಡಿಸಿದ್ದ ಒಂದೇ ಜೊತೆ ಬೂಟು. ಹೆಂಡತಿ ಜಯಮ್ಮ ಅದನ್ನು ಅಟ್ಟದಿಂದ ಇಳಿಸಿ ಒರೆಸಿಕೊಟ್ಟು, ತಾನೂ ಜೊತೆಗೆ ಹೊರಟಳು. ಬಸ್ಸಿಳಿದು ಮಂಟಪದವರೆಗೆ ಮದುಮಗನ ಗತ್ತಿನಲ್ಲಿ ನಡೆದೆ.

ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹಪ್ಪಳದಷ್ಟು ತೆಳುವಾದ ಹಾಳೆಗಳನ್ನು ಬೂಟಿನೊಳಗೆ ತೂರಿಸಿ, ಸೊಂಟದವರೆಗೆ ವೈರು ಕಟ್ಟಿ ನಡೆಸಿದರು. ಕಂಪ್ಯೂಟರಿನಲ್ಲಿ ನನ್ನ ಎಡ ಹಿಮ್ಮಡಿ ಕೆಂಪಗೆ ಮೂಡಿತು. ಕೆಂಪೆಂದರೆ ಅಲ್ಲಿ ಭಾರ ಹೆಚ್ಚು, ಹುಣ್ಣಾಗುವ ಜಾಗವಂತೆ. ನನಗೇನೂ ಆಗುತ್ತಿಲ್ಲ ಎಂದೆ. ಬೂಟು ಬಿಚ್ಚಿಸಿ, ಹಾಕಿಸಿ, ಮತ್ತೆ ನಡೆಸಿದರು. ಈಗ ಕೆಂಪು ಹೆಬ್ಬೆರಳ ಬುಡಕ್ಕೆ ಹೋಗಿತ್ತು. ಮೂರನೇ ಸಲ ಪಾದದ ನಡುವಿನ ಗುಳಿಯಲ್ಲಿ ಬಂತು, ಅಲ್ಲಿ ಭಾರ ಬೀಳುವುದೇ ಅಪರೂಪವಂತೆ. ಹಾಳೆ ಮಡಿಚಿದರೆ, ಬೆವರು ತಾಗಿದರೆ ಲೆಕ್ಕ ತಪ್ಪುವುದುಂಟು ಎಂದು ಡಾಕ್ಟರಮ್ಮ ಹೊಸ ಹಾಳೆ ಹಾಕಿದರು. ಅದಕ್ಕೂ ಮುಂಚೆ ತಮ್ಮ ಕಾಲಿಗೇ ಇಟ್ಟು ನೋಡಿಕೊಂಡರು, ಸರಿಯಾಗಿತ್ತು. ನನ್ನ ಕಾಲಿಗೆ ಬಂದ ಕೂಡಲೇ ಕೆಂಪು ಮತ್ತೆ ಊರು ಸುತ್ತತೊಡಗಿತು. ಅವರಿಗೆ ಯಂತ್ರದ ಮೇಲೆ ಅನುಮಾನ, ನನಗೆ ಅವರ ಮೇಲೆ ಅನುಮಾನ, ಕಾದು ಕೂತವರಿಗೆ ನಮ್ಮಿಬ್ಬರ ಮೇಲೂ ಅನುಮಾನ. ಯಂತ್ರ ಸುಳ್ಳು ಹೇಳುತ್ತಿದೆ, ಇನ್ನೊಂದು ಸಲ ಇಡಿ ಎಂದು ನನ್ನ ಬಾಯಿಂದಲೇ ಬಂತು. ಆಡಿದ ಮೇಲೆ ನಾಚಿಕೆಯಾಯಿತು.

ಅಷ್ಟರಲ್ಲಿ ಜಯಮ್ಮ ಎದ್ದುಬಂದು, ನನ್ನ ಎಡಗಾಲಿನ ಬೂಟು ಬಿಚ್ಚಿಸಿ, ಮೂತಿಯನ್ನು ಮೇಲೆ ಮಾಡಿ ನೆಲಕ್ಕೆ ಕುಟ್ಟಿದಳು. ಟಣ್ಣನೆ ಒಂದು ಹುಣಸೆ ಬೀಜ ಬಿತ್ತು. ಬೂಟು ಬಿಚ್ಚಿದಾಗಲೆಲ್ಲ ಅದು ಮೂತಿಯೊಳಕ್ಕೆ ಜಾರಿ ಕೂರುತ್ತಿತ್ತು, ನಡೆದಾಗ ಕಾಲಡಿಗೆ ಬರುತ್ತಿತ್ತು.

"ಬೂಟು ಸುಮ್ನೆ ಬಿದ್ದಿತ್ತಲ್ಲ ಅಂತ ಅಳಗುಳಿಮಣೆ ಬೀಜ ಇದ್ರೊಳ್ಗೇ ಆಕಿಟ್ಟಿದ್ದೆ" ಎಂದಳು ಜಯಮ್ಮ. "ಬೆಳಿಗ್ಗೆ ಸುರ್ದಾಗ ಒಂದು ಕಮ್ಮಿ ಬಂತು. ನೀವೇ ಎಲ್ಲೋ ಕಳ್ದಿದ್ದೀರಿ ಅಂದ್ಕಂಡೆ."

ಎಲ್ಲರೂ ನಕ್ಕರು, ಡಾಕ್ಟರಮ್ಮ ಮಾತ್ರ ನಗಲಿಲ್ಲ. ನನ್ನ ಕಾಲುಚೀಲ ತೆಗೆದು ನೋಡಿದರು. ಕಡಲೆಕಾಳಿನಷ್ಟು ರಕ್ತವಿತ್ತು.

"ಯಂತ್ರ ಸರಿಯಾಗೇ ಇದೆ" ಎಂದರು. "ಇಷ್ಟು ದೂರ ಈ ಬೀಜದ ಮೇಲೆ ನಡೆದುಬಂದಿದ್ದೀರಿ. ನಿಮಗೆ ಗೊತ್ತಾಗಲಿಲ್ವಾ?"

ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು.

ಚೀಟಿ ಸಿಗಲಿಲ್ಲ. ಗಾಯ ಮಾಯಲಿ, ದಿನಾ ಬೆಳಿಗ್ಗೆ ಕಣ್ಣು ಮುಚ್ಚಿಸಿ ಅಂಗಾಲಿಗೆ ಪೊರಕೆ ಕಡ್ಡಿ ತಾಗಿಸಿ ಕೇಳಿ, ಗೊತ್ತಾಗುತ್ತದೆಯೇ ಇಲ್ಲವೇ ಬರೆದಿಡಿ, ಮೂರು ತಿಂಗಳು ಬಿಟ್ಟು ನೋಡೋಣ ಎಂದು ಜಯಮ್ಮನಿಗೆ ಹೇಳಿ ಕಳಿಸಿದರು. ಮಾರನೆಯ ಬೆಳಿಗ್ಗೆಯೇ ಜಗಲಿಯ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ ಕೂತೆ. ಕಣ್ಣೊಳಗೆ ಬರೀ ಎಳನೀರು ಕಾಣುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ, "ಗೊತ್ತಾಯ್ತು, ಹೆಬ್ಬೆರಳ ಹತ್ತಿರ" ಎಂದೆ.

"ನಾನಿನ್ನೂ ಕಡ್ಡಿ ಮುರೀತಾ ಇವ್ನಿ" ಎಂದಳು ಜಯಮ್ಮ. "ಮುಟ್ಟೇ ಇಲ್ಲ."