ಹೊಟ್ಟೆಯೊಳಗಿನ ಮಂದೆ

ಗ್ರಂಧಿಗೆ ಅಂಗಡಿ ಇಟ್ಟವನಿಗೆ ಊರಿನವರ ಮುಖಕ್ಕಿಂತ ಹೊಟ್ಟೆಯ ಪರಿಚಯವೇ ಹೆಚ್ಚು. ತಿಪಟೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಬೇರು, ನಾರು, ಚೂರ್ಣ ಮಾರುತ್ತಾ ಕೂತಿದ್ದೇನೆ. ಯಾರಿಗೆ ಹುಳಿತೇಗು, ಯಾರಿಗೆ ಮಲಬದ್ಧತೆ, ಬೀಗರೂಟ ಉಂಡು ಬಂದ ಮೇಲೆ ಯಾರ ಗತಿ ಏನಾಯಿತು, ಎಲ್ಲ ನನಗೆ ಗೊತ್ತು. ಇಂಥ ಕಡೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಆದರೆ ಈ ವರ್ಷ ಅವೆಲ್ಲ ನನ್ನ ಹೊಟ್ಟೆಯ ಸುತ್ತಲೇ ನಡೆದವು, ಅದೇ ಬೇಜಾರು.

೧. ನಾನೇ ಸಾಕ್ಷಿ

ಮಾಯಸಂದ್ರದ ಕಡೆಯ ಹೆಂಗಸೊಬ್ಬರು ಬಂದು, "ಹೊಟ್ಟೆ ಕರಗೋ ಪುಡಿ ಐತಾ?" ಎಂದರು. ಅಳಲೆ, ತಾರೆ, ನೆಲ್ಲಿ ಮೂರನ್ನೂ ಕುಟ್ಟಿದ ಚೂರ್ಣ ಕಟ್ಟಿಕೊಟ್ಟೆ. ಬೆಳಗ್ಗೆ ಬಿಸಿನೀರಿಗೆ ಒಂದು ಚಮಚ ಹಾಕಿ ಕುಡಿಯಿರಿ ಎಂದೆ.

"ಕುಡುದ್ರೆ ಮೈಗೆ ಒಗ್ಗುತ್ತಾ?"

ಧೈರ್ಯ ಹೇಳೋಣವೆಂದು ಎದೆ ತಟ್ಟಿಕೊಂಡೆ. "ನಾನೇ ಹತ್ತು ವರ್ಷದಿಂದ ದಿನಾ ಕುಡೀತಿದೀನಿ ಕಣಮ್ಮ."

ಆಕೆ ನನ್ನ ಮುಖ ನೋಡಿದರು. ಆಮೇಲೆ ಗಲ್ಲಾಪೆಟ್ಟಿಗೆಗೆ ಒರಗಿಸಿಟ್ಟಿದ್ದ ನನ್ನ ಹೊಟ್ಟೆ ನೋಡಿದರು. ಪೊಟ್ಟಣವನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದರು.

"ಇನ್ನೊಂದು ಹತ್ತು ವರ್ಸ ನೀವೇ ಕುಡೀರಿ. ಆಮ್ಯಾಕೆ ಬಂದು ನೋಡ್ತೀನಿ."

೨. ಡಾಕ್ಟರಮ್ಮ ಕೊಟ್ಟ ವಾಯಿದೆ

ಆ ಹೆಂಗಸಿನ ಮಾತು ಮನಸ್ಸಿನಲ್ಲೇ ಉಳಿಯಿತು. ಡಾಕ್ಟರಮ್ಮನ ಹತ್ತಿರ ಹೋದೆ. ತೂಕ ತೊಂಬತ್ತನಾಲ್ಕು, ರಕ್ತದಲ್ಲಿ ಸಕ್ಕರೆ ಗಡಿ ದಾಟುವ ಹಾಗಿದೆ. "ಮೂರು ತಿಂಗಳು ಟೈಮ್ ಕೊಡ್ತೀನಿ. ಐದು ಕೆಜಿ ಇಳಿಸಿ. ಸಕ್ಕರೆ ಇಳೀಲಿಲ್ಲ ಅಂದ್ರೆ ಗುಳಿಗೆ ಶುರು ಮಾಡೋಣ" ಎಂದರು.

ನಮ್ಮಪ್ಪ ಇದೇ ಸಕ್ಕರೆ ಕಾಯಿಲೆಯಲ್ಲಿ ಒಂದು ಕಾಲು ಕಳೆದುಕೊಂಡವರು. ನಾನು ನಿಜವಾಗಿಯೂ ಹೆದರಿದೆ.

ಡಾಕ್ಟರಮ್ಮ ಸಮಾಧಾನವಾಗಿ ತಿಳಿಸಿ ಹೇಳಿದರು. ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಇರುತ್ತವಂತೆ. ನಾವು ತಿಂದದ್ದರಲ್ಲೇ ಅವೂ ತಿನ್ನುತ್ತವಂತೆ. ಸೊಪ್ಪು, ಕಾಳು, ರಾಗಿ, ಮನೆಯಲ್ಲೇ ಹೆಪ್ಪು ಹಾಕಿದ ಮೊಸರು ಕೊಟ್ಟು ಒಳ್ಳೆಯವನ್ನು ಸಾಕಿದರೆ ಅವು ನಮ್ಮನ್ನು ನೋಡಿಕೊಳ್ಳುತ್ತವಂತೆ. ದಿನಾ ನಡೆಯಲೇಬೇಕು.

"ಹಾಗಾದ್ರೆ ನಾನು ಹತ್ತು ವರ್ಷ ಕುಡಿದ ಚೂರ್ಣ?"

"ಚೂರ್ಣ ಕುಡಿದು, ಅದರ ಮೇಲೆ ನಾಲ್ಕು ಕಾಯಿಹೋಳಿಗೆ ತಿಂದ್ರೆ, ಪಾಪ, ಅದಾದ್ರೂ ಏನು ಮಾಡುತ್ತೆ ಹೇಳಿ?"

೩. ಮಂದೆ

ಮಾರನೆಯ ದಿನ ಹುಳಿಯಾರು ಕಡೆಯ ಕುರಿಗಾರ ಬಂದ. ಕುರಿಗೆ ಹೊಟ್ಟೆ ಉಬ್ಬರಿಸಿದಾಗಲೆಲ್ಲ ಓಮ, ಇಂಗು ಒಯ್ಯಲು ಬರುವ ಹಳೆಯ ಗಿರಾಕಿ. ಓಮ ತೂಗುತ್ತಾ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ನನಗೆ ಅರ್ಧ ಗಂಟೆ ಹಿಡಿದದ್ದು ಅವನಿಗೆ ಅರ್ಧ ನಿಮಿಷದಲ್ಲಿ ತಲೆಗೆ ಹೋಯಿತು.

"ಇದೇನ್ ಮಹಾ ಬುಡಿ ಸಾಮಿ. ತೆಂಗಿನ ತೋಟದಾಗೆ ನಾವು ಕುರಿಮಂದೆ ನಿಲ್ಸಲ್ವಾ? ಚೆನ್ನಾಗಿ ಮೇಯ್ಸಿ ನಿಲ್ಸುದ್ರೆ ತೋಟಕ್ಕೆ ಒಳ್ಳೆ ಗೊಬ್ರ. ಹಂಗೇ ನಿಮ್ ಹೊಟ್ಟೆ ಒಳಗೂ ಒಂದು ಮಂದೆ ಐತೆ. ಮೇವು ಸರಿಯಾಗಿ ಹಾಕ್ಬೇಕು, ಅಷ್ಟೇಯ."

ಎಷ್ಟು ಚೆನ್ನಾಗಿ ಹೇಳಿದ ಎಂದು ಖುಷಿಯಾಗಿ ಒಂದು ಹಿಡಿ ಓಮ ಜಾಸ್ತಿಯೇ ಹಾಕಿದೆ. ಅವನು ಕಟ್ಟೆ ಇಳಿಯುವ ಮುಂಚೆ ತಿರುಗಿ ನನ್ನನ್ನು ಇನ್ನೊಮ್ಮೆ ಅಳೆದು ನೋಡಿದ.

"ಆದ್ರೂ ನಿಮ್ದು ನೋಡುದ್ರೆ, ಸಾಮಿ, ಬರೀ ಮಂದೆ ಅಲ್ಲ. ಕಾಯೋನೂ ಹೆಂಡ್ರು ಮಕ್ಳು ಸಮೇತ ಒಳಗೇ ಬಿಡಾರ ಹೂಡವ್ನೆ."

೪. ಅತ್ತೆಯ ಹರಳೆಣ್ಣೆ

ಆ ವಾರವೇ ನನ್ನ ಹೆಂಡತಿಯ ತಾಯಿ ಕಂದಿಕೆರೆಯಿಂದ ಬಂದರು. ಊಟಕ್ಕೆ ಕೂತಾಗ ಹೊಟ್ಟೆಯೊಳಗೆ ಕೋಟಿಗಟ್ಟಲೆ ಜೀವಗಳಿವೆ ಎಂಬ ವಿಷಯ ತೆಗೆದೆ. ಅತ್ತೆ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ಮರುಕದಿಂದ ನೋಡಿದರು.

ಬೆಳಗ್ಗೆ ಏಳುವಷ್ಟರಲ್ಲಿ ದೊಡ್ಡ ಲೋಟದ ತುಂಬ ಬಿಸಿ ಹಾಲು ಹಿಡಿದು ನಿಂತಿದ್ದರು. ವಾಸನೆಗೇ ಗೊತ್ತಾಯಿತು, ಹರಳೆಣ್ಣೆ. ಅದೂ ನನ್ನದೇ ಅಂಗಡಿಯದು! ಹೆಣ್ಣು ಕೊಟ್ಟ ಅತ್ತೆ ಕೈಯಾರೆ ಕೊಟ್ಟದ್ದನ್ನು ಬೇಡ ಎನ್ನುವ ಎದೆ ಯಾವ ಅಳಿಯನಿಗಿದೆ? ಕುಡಿದೆ. ಆವತ್ತು ಅಂಗಡಿ ಬಾಗಿಲು ತೆಗೆಯಲಿಲ್ಲ. ಹಿತ್ತಲ ಬಾಗಿಲು ಮುಚ್ಚಲಿಲ್ಲ.

ಸಂಜೆ ಹೆಂಡತಿ, "ಅಯ್ಯೋ ಅವ್ವಾ, ಅವು ಜಂತುಹುಳ ಅಲ್ಲ ಕಣೇ. ಒಳ್ಳೇವು. ಡಾಕ್ಟ್ರು ಸಾಕಬೇಕು ಅಂತ ಹೇಳವ್ರೆ" ಎಂದು ಬಿಡಿಸಿ ಹೇಳಿದಳು.

ಅತ್ತೆ ಗಲ್ಲಕ್ಕೆ ಕೈ ಹಚ್ಚಿದರು. "ಮೊದ್ಲೇ ಹೇಳ್ಬಾರ್ದಾಗಿತ್ತೇನೇ? ಪಾಪ, ಎಲ್ಲಾನೂ ಒಕ್ಕಲೆಬ್ಬಿಸ್ಬುಟ್ನಲ್ಲೇ!"

೫. ಶುಕ್ರವಾರದ ಹೆಪ್ಪು

ಖಾಲಿಯಾದ ಜಾಗಕ್ಕೆ ಹೊಸ ಒಕ್ಕಲು ಬೇಕಿತ್ತು. ನಮ್ಮ ಮನೆಗೆ ಬರುತ್ತಿದ್ದದ್ದು ಪ್ಯಾಕೆಟ್ ಮೊಸರು. ಪಕ್ಕದ ಮನೆಯಾಕೆಯ ಗಟ್ಟಿ ಮೊಸರು ಬೀದಿಗೆಲ್ಲ ಹೆಸರುವಾಸಿ. ಬಟ್ಟಲು ಹಿಡಿದು ನಾನೇ ಹೋದೆ. ಆಕೆ ಆಗತಾನೆ ದೇವರಿಗೆ ದೀಪ ಹಚ್ಚಿ ಹೊರಗೆ ಬಂದಿದ್ದರು.

"ಶುಕ್ರವಾರ, ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಕಣ್ರೀ. ಲಕ್ಷ್ಮಿ ಹೊರಟೋಗ್ತಾಳೆ."

"ಲಕ್ಷ್ಮಿ ನಿಮ್ಮನೇಲೇ ಇರ್ಲಿ ಕಣಮ್ಮ. ನನಗೆ ಬ್ಯಾಕ್ಟೀರಿಯಾ ಸಾಕು."

"ಅದೂ ನಮ್ಮನೇದೇ ತಾನೇ? ಇವತ್ತು ಹೊಸಿಲು ದಾಟಂಗಿಲ್ಲ."

ಶನಿವಾರ ಬೆಳಗ್ಗೆ ಆಕೆಯೇ ಬಟ್ಟಲು ತಂದರು. ಮದುವೆಯಾದ ಮಗಳನ್ನು ಕಳಿಸಿಕೊಡುವವರ ಹಾಗೆ ಬಾಗಿಲಲ್ಲಿ ನಿಂತು ಬುದ್ಧಿ ಹೇಳಿದರು. "ನಮ್ಮತ್ತೆ ಕಾಲದಿಂದ ಬಂದಿರೋ ಹೆಪ್ಪು. ಒಂದು ದಿನಾನೂ ಕೆಟ್ಟಿಲ್ಲ. ಜೋಪಾನ."

ಆಮೇಲೆ ಅಡುಗೆಮನೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ನಿಮ್ಮತ್ತೆ ಕೈಗೆ ಮಾತ್ರ ಕೊಡಬ್ಯಾಡಿ."

೬. ಮಂಡಿಯ ತಕ್ಕಡಿ

ಅಲ್ಲಿಂದ ಕಟ್ಟುನಿಟ್ಟು. ಮುದ್ದೆ, ಸೊಪ್ಪಿನ ಸಾರು, ಚೊಂಬುಗಟ್ಟಲೆ ಮಜ್ಜಿಗೆ. ದಿನಾ ನಡಿಗೆ. ಸೋಮವಾರ ಮಾತ್ರ ನಡಿಗೆ ನನ್ನ ಶಾಲೆಯ ಗೆಳೆಯನ ಕೊಬ್ಬರಿ ಮಂಡಿಯಲ್ಲಿ ನಿಲ್ಲುತ್ತಿತ್ತು. ಕೊಬ್ಬರಿ ಚೀಲ ತೂಗುವ ತಕ್ಕಡಿ ಹತ್ತಿ ನಿಲ್ಲುತ್ತಿದ್ದೆ. ತೂಕ ಕಾಣುವ ಪೆಟ್ಟಿಗೆ ಅವನ ಕಡೆಗೆ ತಿರುಗಿರುತ್ತಿತ್ತು. ಅವನು ನೋಡಿ, ಚೀಟಿಯಲ್ಲಿ ಬರೆದು ಕೊಡುತ್ತಿದ್ದ.

ಮೊದಲ ವಾರವೇ ತೊಂಬತ್ತೆರಡೂವರೆ! ಆಮೇಲೆ ತೊಂಬತ್ತೊಂದು, ತೊಂಬತ್ತು. ಹನ್ನೆರಡನೇ ವಾರಕ್ಕೆ ಎಂಬತ್ತೆಂಟು. ಪಂಚೆ ಉಡುವವನಿಗೆ ಬೆಲ್ಟಿನ ತೂತಿನ ಸಾಕ್ಷಿ ಇರುವುದಿಲ್ಲ. ಚೀಟಿಯೇ ವೇದ. ಹೆಂಡತಿಗೆ ತೋರಿಸಿದೆ, ಪಕ್ಕದ ಮನೆಯಾಕೆಗೆ ತೋರಿಸಿದೆ, ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ.

ಮೂರು ತಿಂಗಳು ತುಂಬಿದ ದಿನ ಎದೆಯುಬ್ಬಿಸಿಕೊಂಡು ಡಾಕ್ಟರಮ್ಮನ ತಕ್ಕಡಿ ಹತ್ತಿದೆ. ತೊಂಬತ್ತೆರಡೂವರೆ.

"ನಿಮ್ಮ ತಕ್ಕಡಿ ಕೆಟ್ಟಿದೆ ಡಾಕ್ಟ್ರೇ! ಲೋಡುಗಟ್ಟಲೆ ಕೊಬ್ಬರಿ ತೂಗೋ ತಕ್ಕಡಿ ಸುಳ್ಳು ಹೇಳುತ್ತಾ?" ಎಂದು ಚೀಟಿಗಳನ್ನು ಮೇಜಿನ ಮೇಲೆ ಹರಡಿದೆ. ಆಕೆ ನಗು ತಡೆದುಕೊಂಡು ರಕ್ತದ ವರದಿ ತೆಗೆದರು. ಸಕ್ಕರೆ ಇಳಿದಿತ್ತು. "ಒಂದೂವರೆ ಕೆಜಿನೇ ಇಳಿದಿರೋದು. ಆದ್ರೂ ನಡಿಗೆ, ಊಟ ಕೆಲಸ ಮಾಡಿದೆ. ಗುಳಿಗೆ ಈಗ ಬೇಡ. ಹೀಗೇ ಮುಂದುವರಿಸಿ" ಎಂದರು. ಅಪ್ಪನ ಕಾಲು ನೆನಪಾಗಿ ಕಣ್ಣಲ್ಲಿ ನೀರು ಬಂತು. ಆ ನೀರು ಒರೆಸಿಕೊಂಡ ಮೇಲೆ ಸಿಟ್ಟು ಬಂತು. ನೇರ ಮಂಡಿಗೆ ಹೋದೆ.

"ಯಾಕ್ಲಾ ಮೂರು ತಿಂಗಳಿಂದ ಮೋಸ ಮಾಡ್ದೆ?"

ಗೆಳೆಯನಿಗೆ ನಿಜವಾಗಿಯೂ ನೋವಾಯಿತು. "ಮೋಸ ಅನ್ಬ್ಯಾಡ ಕಣ್ಲಾ. ಕೊಬ್ರಿ ತರೋ ಎಲ್ಲರಿಗೂ ಹಾಕೋ ಲೆಕ್ಕಾನೇ ನಿಂಗೂ ಹಾಕಿವ್ನಿ. ಚೀಲಕ್ಕೆ ಒಂದು ಕೆಜಿ ಕಳ್ದೆ. ಉಳ್ದಿದ್ದು ತೇವಕ್ಕೆ."

"ಯಾವ ಚೀಲ?"

"ಪಂಚೆ, ಅಂಗಿ, ಚಪ್ಪಲಿ. ಅದೇನ್ ನಿನ್ ಮೈಯಾ?"

"ಮತ್ತೆ ವಾರ ವಾರಕ್ಕೂ ಕಮ್ಮಿ ಆಗ್ತಾ ಬಂತಲ್ಲ?"

"ಮೊದ್ಲು ಬಿಸಿಲಿತ್ತು. ಆಮ್ಯಾಕೆ ಮಳೆ ಹಿಡ್ಕಂತು. ನೀನೋ ಚೊಂಬ್ಗಟ್ಲೆ ಮಜ್ಜಿಗೆ ಕುಡ್ಕಂಡು ಬತ್ತಿದ್ದೆ. ತೇವ ಜಾಸ್ತಿ ಕಳೀಬೇಕಾಯ್ತು. ಮೂವತ್ತು ವರ್ಸದಿಂದ ಈ ಮಂಡೀಲಿ ಯಾರಿಗೂ ಹಸಿ ತೂಕ ಬರ್ದಿಲ್ಲ ಕಣಪ್ಪ ನಾನು!"

ಚೀಟಿಗಳನ್ನೆಲ್ಲ ಅವನ ಮುಂದೆ ಸುರಿದೆ. ಅವನಿಗೆ ಕನಿಕರ ಹುಟ್ಟಿರಬೇಕು, ಎದ್ದು ಹತ್ತಿರ ಬಂದ. ನಮ್ಮ ಕಡೆ ಕಾಯಿ ಅಟ್ಟದ ಮೇಲೆ ಹನ್ನೊಂದು ತಿಂಗಳು ಬಿದ್ದಿದ್ದು, ಒಳಗಿನ ನೀರೆಲ್ಲ ಇಂಗಿದ ಮೇಲೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇವೆ. ಅವನು ನನ್ನ ಎರಡೂ ಭುಜ ಹಿಡಿದು ಒಮ್ಮೆ ಚೆನ್ನಾಗಿ ಅಲ್ಲಾಡಿಸಿ, ಬಗ್ಗಿ ಹೊಟ್ಟೆಗೆ ಕಿವಿಯಿಟ್ಟ. ಬೆಳಗ್ಗೆ ಕುಡಿದ ಮಜ್ಜಿಗೆ ಒಳಗೆ ಗುಳುಗುಳು ಎಂದಿತು.

"ನೀರು ಇನ್ನೂ ಇಂಗಿಲ್ಲ ಕಣ್ಲಾ," ಎಂದು ತಲೆಯಾಡಿಸಿದ. "ನಡಿ, ಅಟ್ಟ ಹತ್ತಿ ಮಲೀಕೋ. ಹನ್ನೊಂದು ತಿಂಗ್ಳು ಬುಟ್ಟು ಬಂದು ಇಳುಸ್ತೀನಿ."