ಕುಂಬಳಬೀಜದ ಅಧ್ಯಾಯ ಬದಲಾದದ್ದು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಮರ್ಯಾದೆ ಬೇಕು. ನೆರೆಮನೆಯವಳ ಸೀರೆ, ನಾದಿನಿಯ ಹೊಸ ಫ್ಲ್ಯಾಟು, ಗೆಳತಿಯ ಸಪೂರ ಸೊಂಟ, ಇಂಥವಕ್ಕೆ ಹೊಟ್ಟೆ ಉರಿದರೆ ನಾಲ್ಕು ಜನರ ಹತ್ತಿರ ಹೇಳಿಕೊಳ್ಳಬಹುದು. ಅವರೂ ತಮ್ಮದೊಂದಿಷ್ಟು ಸೇರಿಸಿ ಸಮಾಧಾನ ಮಾಡುತ್ತಾರೆ. ನನಗೆ ಉರಿದದ್ದು ಒಬ್ಬಳ ನಾಲಿಗೆಯ ಮೇಲೆ. ಆ ನಾಲಿಗೆಯನ್ನು ನಾನು ನೋಡಿಯೂ ಇರಲಿಲ್ಲ, ಬರೀ ಕೇಳಿದ್ದು. ಮತ್ಸರ ಮಹಾಪಾಪ ಎಂದು ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಮೆಲುದನಿಯಲ್ಲಿ ಕಲಿಸಿದ್ದರು. ಆದರೆ ಸಿಸ್ಟರ್‌ಗೆ ಗಂಡ ಇರಲಿಲ್ಲ. ಊಟಕ್ಕೆ ಕೂತು ಬೇರೊಬ್ಬಳ ನಾಲಿಗೆಯನ್ನು ಹೊಗಳುವ ಗಂಡನಂತೂ ಇರಲೇ ಇಲ್ಲ.

ನಮ್ಮವರು ಡೊಂಬಿವಲಿಯಿಂದ ದಿನಾ ವಾಶಿಗೆ ಹೋಗಿಬರುವವರು. ಅಲ್ಲಿ ಅವರದು ಹಡಗಿನಲ್ಲಿ ಬಂದ ಸರಕನ್ನು ಕಸ್ಟಮ್ಸಿನಿಂದ ಬಿಡಿಸಿಕೊಡುವ ಕಚೇರಿಯಲ್ಲಿ ಕೆಲಸ. ಲೋಕದಲ್ಲಿರುವ ವಸ್ತುಗಳಿಗೆಲ್ಲ ಸುಂಕದ ಪುಸ್ತಕದಲ್ಲಿ ಒಂದೊಂದು ಅಧ್ಯಾಯ ಉಂಟಂತೆ. ಈಗ ಮಾಲ್‌ಗಳಲ್ಲಿ ಸಿಗುತ್ತದಲ್ಲ, ಹಣ್ಣಿನ ಚೂರು, ಬೀಜ ಎಲ್ಲ ಬೆರೆಸಿದ ಹೊಳೆಯುವ ಪೊಟ್ಟಣ, ಡಯಟಿನವರು ಎಣಿಸಿ ತಿನ್ನುವಂಥದು, ಅದು ಬರೀ ಒಣಗಿಸಿದ್ದಾದರೆ ಎಂಟನೆಯ ಅಧ್ಯಾಯಕ್ಕೆ ಸೇರಬಹುದು. ಒಳಗಿನ ಬೀಜ ಹುರಿದದ್ದಾದರೆ ಇಪ್ಪತ್ತಕ್ಕೆ ಹಾರುತ್ತದೆ. ಸುಂಕವೂ ಬೇರೆ. ಅಧ್ಯಾಯ ತಪ್ಪಿದರೆ ಕಂಟೇನರು ಬಂದರಿನಲ್ಲೇ ಕೂರುತ್ತದೆ, ಸರಕಿನ ಧಣಿ ಕಚೇರಿಗೆ ಬಂದು ಕೂಗುತ್ತಾನೆ, ಕೂಗಿಸಿಕೊಳ್ಳಲು ನಮ್ಮವರು ಇದ್ದಾರೆ. ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಅವರು ಊಟಕ್ಕೆ ಕೂತು ಹೇಳುತ್ತಾರೆ. ಹುರಿದದ್ದು ಯಾವುದು, ಒಣಗಿಸಿದ್ದು ಯಾವುದು ಎಂದು ಅಷ್ಟು ತಲೆ ಕೆಡಿಸಿಕೊಳ್ಳುವ ಈ ಮನುಷ್ಯ ಮದುವೆಯಾದಂದಿನಿಂದ ನನ್ನ ತಟ್ಟೆಯಲ್ಲಿ ಏನಿದೆ ಎಂದು ಒಮ್ಮೆಯೂ ಬಗ್ಗಿ ನೋಡಿದವರಲ್ಲ. ಪತ್ರೊಡೆಗೂ 'ಒಳ್ಳೇದಾಗಿದೆ', ಉಪ್ಪು ಹಾಕಲು ಮರೆತ ಸಾರಿಗೂ 'ಒಳ್ಳೇದಾಗಿದೆ'. ನನ್ನ ಅಡುಗೆ ಎಲ್ಲವೂ ಒಂದೇ ಅಧ್ಯಾಯ.

ಹೀಗಿರುವಾಗ ಅವರ ಕಚೇರಿಗೆ ಪ್ರಾಜಕ್ತಾ ಎಂಬವಳು ಬಂದಳು. ಫುಡ್ ಟೆಕ್ನಾಲಜಿ ಓದಿದ, ಕಲ್ಯಾಣದ ಹುಡುಗಿ. ಕಸ್ಟಮ್ಸಿನವರ ಲ್ಯಾಬು ಆಮೇಲಿನ ಮಾತು. ಅರ್ಜಿ ಹಾಕುವ ಮೊದಲು ಇವರ ಸಮಾಧಾನಕ್ಕೆ ಅವಳು ಒಂದು ಬೀಜ ಕಚ್ಚಿ ನೋಡುತ್ತಾಳೆ. ಹುರಿದದ್ದೋ ಅಲ್ಲವೋ, ಉಪ್ಪುನೀರಿನಲ್ಲಿ ಅದ್ದಿದ್ದೋ ಅಲ್ಲವೋ, ಹೇಳಿಬಿಡುತ್ತಾಳೆ. "ಅವಳದ್ದು ನಾಲಿಗೆ ಅಂದ್ರೆ ನಾಲಿಗೆ ಮಾರಾಯ್ತಿ" ಎಂದು ಇವರು ನಾನು ಮಾಡಿದ ಗುಳ್ಳದ ಹುಳಿಯನ್ನು ಸೊರಸೊರನೆ ಸುರಿಯುತ್ತಾ ಹೇಳಿದರು. ಗುಳ್ಳಬದನೆ ಊರಿನಿಂದ ಬಂದದ್ದು, ಬಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ. ಅದಕ್ಕೂ ಬೇಸರವಾಗಿರಬೇಕು. ನಾನು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ. ಮಗಳು ಮೊಬೈಲಿನಿಂದ ತಲೆ ಎತ್ತದೆ, "ಮಮ್ಮೀ, ತೂ ಜೆಲಸ್ ಹೈ" ಅಂದಳು. ಕನ್ನಡದಲ್ಲಿ ಕೇಳಿದ್ದಕ್ಕೆ ಎಂದೂ ಕನ್ನಡದಲ್ಲಿ ಉತ್ತರ ಕೊಡದವಳು, ಕೇಳದೆ ಇದ್ದದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಟ್ಟಳು.

ಕಳೆದ ಮಳೆಗಾಲದ ಒಂದು ಸಂಜೆ ಇವರು ವಾಗ್ಳೆ ಎಸ್ಟೇಟಿನ ಗೋದಾಮಿನಿಂದ ಅಂಥದೊಂದು ಹಣ್ಣು-ಬೀಜದ ಪೊಟ್ಟಣ ತಂದರು. ಹೊಸ ಗಿರಾಕಿ, ದೊಡ್ಡ ಗಿರಾಕಿ. ಬೀಜ ಬರೀ ಒಣಗಿಸಿದ್ದು, ಬೆಂಕಿ ಕಂಡದ್ದೇ ಇಲ್ಲ ಎಂದು ಅವನ ಮಾತು. ಇವರು ಕತ್ತರಿಯಿಂದ ಪೊಟ್ಟಣ ಬಿಡಿಸಿ, ಒಳಗೆ ಇಣುಕಿ, ಹಾಗೆಯೇ ಮೇಜಿನ ಮೇಲಿಟ್ಟು, "ನಾಳೆ ಪ್ರಾಜಕ್ತಾ ತಿಂದು ನೋಡ್ಬೇಕು" ಎಂದು ಸ್ನಾನಕ್ಕೆ ಹೋದರು.

ನಾನೊಂದು ಕುಂಬಳಬೀಜ ಬಾಯಿಗೆ ಹಾಕಿಕೊಂಡೆ. ಹಸಿ. ಮೆತ್ತಗೆ ಬೇರೆ ಇತ್ತು. ನಮ್ಮ ಕಡೆಯ ಮನೆಗಳಲ್ಲಿ ಬೀಜ ಎಂಬುದು ಒಲೆ ಕಾಣದೆ ಬಾಯಿಗೆ ಬಂದದ್ದಿಲ್ಲ. ಹಲಸಿನ ಬೀಜವಾಗಲಿ, ಕುಂಬಳದ್ದಾಗಲಿ, ತೊಳೆದು ಗೆರಸೆಯಲ್ಲಿ ಒಣಗಿಸಿ ಕಾವಲಿಯಲ್ಲಿ ಹುರಿದ ಮೇಲೆಯೇ ಅದಕ್ಕೆ ಬೀಜ ಎಂಬ ಅಂತಸ್ತು. ನನ್ನತ್ತೆ ಹಸಿ ಬೀಜ ಜಗಿಯುವ ಮಕ್ಕಳನ್ನು ಗಿಳಿಯ ಜಾತಿಗೆ ಸೇರಿಸಿಬಿಡುತ್ತಿದ್ದರು. ಅಂಥ ಮನೆಯಿಂದ ಆ ನಾಲಿಗೆಗೆ ಈ ಮೆತ್ತಗಿನ ಬೀಜ ಹೋಗುವುದೇ? ಅವಳು ಕಚ್ಚಿ, ಮುಖ ಸೊಟ್ಟ ಮಾಡಿ, ಇವರ ಮನೆಯಾಕೆಗೆ ಅಷ್ಟೂ ಗೊತ್ತಿಲ್ಲವೇ ಎಂದುಕೊಳ್ಳುವುದೇ? ಸ್ಯಾಂಪಲ್ಲು, ಅಧ್ಯಾಯ, ಒಂದೂ ನನ್ನ ತಲೆಯಲ್ಲಿ ಉಳಿಯಲಿಲ್ಲ. ಹಣ್ಣಿನ ಚೂರುಗಳನ್ನು ಬೇರೆ ಆರಿಸಿಟ್ಟು, ಬೀಜಗಳನ್ನಷ್ಟೇ ಸಣ್ಣ ಉರಿಯಲ್ಲಿ ಹುರಿದೆ. ಅರ್ಧ ಚಮಚ ತೆಂಗಿನೆಣ್ಣೆ, ಕೈಗೆ ಅಂಟುವಷ್ಟು ಉಪ್ಪು. ಬಿಸಿ ಆರಿಸಿ, ಹಣ್ಣು ಬೆರೆಸಿ, ಪೊಟ್ಟಣಕ್ಕೆ ತುಂಬಿ, ಬಟ್ಟೆಯ ಕ್ಲಿಪ್ಪು ಹಾಕಿದೆ. ಅಷ್ಟು ಪ್ರೀತಿಯಿಂದ ನಾನು ನನ್ನ ಸ್ವಂತ ತಂಗಿಗೂ ಏನನ್ನೂ ಹುರಿದಿಲ್ಲ.

ಮರುದಿನ ಊಟದ ಹೊತ್ತಿಗೆ ಫೋನು ಬಂತು. ಇವರ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ನೀನು ಆ ಬೀಜಕ್ಕೆ ಏನಾದ್ರೂ ಮಾಡಿದ್ಯಾ?"

"ಹುರಿದೆ."

"ಹುರಿದ್ಯಾ?"

"ಹಸಿ ಇತ್ತಲ್ಲ ಮತ್ತೆ. ಹಾಗೇ ಕಳಿಸುದಾ?"

ಅತ್ತ ಕಡೆ ಇವರು ಯಾರಿಗೋ, ಮನೆಯಲ್ಲೇ ಹುರಿದದ್ದಂತೆ ಎಂದು ಹೇಳುವುದು ಕೇಳಿಸಿತು.

ಆದದ್ದು ಇಷ್ಟು. ಪ್ರಾಜಕ್ತಾ ಒಂದು ಕಚ್ಚಿ, ಇದು ಹುರಿದದ್ದು, ಇಪ್ಪತ್ತನೆಯ ಅಧ್ಯಾಯ ಎಂದಿದ್ದಾಳೆ. ಇವರ ಕಚೇರಿಯ ಯಜಮಾನ ಸೇಠ್ ಗಿರಾಕಿಯನ್ನು ಕರೆಸಿ ಸುಳ್ಳುಗಾರ ಎಂದಿದ್ದಾರೆ. ಗಿರಾಕಿ ತಾಯಿಯ ಮೇಲೆ ಆಣೆ ಹಾಕಿ, ತನ್ನ ಕೆಲಸವನ್ನೆಲ್ಲ ಬೇರೆ ಕಚೇರಿಗೆ ಒಯ್ಯುವೆನೆಂದು ಎದ್ದಿದ್ದಾನೆ. ಪೊಟ್ಟಣ ತಂದ ನಮ್ಮವರು ನಡುವೆ ಬೆವರುತ್ತಾ ನಿಂತಿದ್ದಾರೆ. ಇವರ ಕೆಲಸವೇ ಹೋಗುತ್ತದೆ ಎನ್ನುವಾಗ ಆ ಹುಡುಗಿ ಇನ್ನೊಂದು ಬೀಜ ಕಚ್ಚಿ, ಯಾವ ಫ್ಯಾಕ್ಟರಿಯವನು ತೆಂಗಿನೆಣ್ಣೆಯಲ್ಲಿ ಹುರಿಯುತ್ತಾನೆ, ಸರ್, ಒಮ್ಮೆ ಮನೆಗೆ ಫೋನ್ ಮಾಡಿ ಎಂದಳಂತೆ. ನನ್ನ ಉತ್ತರ ಕೇಳಿದ ಮೇಲೆ ಗಿರಾಕಿ ಬೇರೆ ಪೊಟ್ಟಣ ತರಿಸಿದ. ಅದು ಎಂಟಕ್ಕೇ ಸೇರಿತು. ಅವನು ನಗುತ್ತಾ ಚಹಾ ಕುಡಿದು ಹೋದನಂತೆ.

ಸಂಜೆ ಬೈಗುಳಕ್ಕೆ ತಯಾರಾಗಿ ನಾನು ಎರಡು ಬಗೆಯ ಪಲ್ಯ ಮಾಡಿಟ್ಟಿದ್ದೆ. ಇವರು ಬೈಯಲಿಲ್ಲ. ಚಪ್ಪಲಿ ಬಿಡುತ್ತಾ, "ಪ್ರಾಜಕ್ತಾ ನಿನಗೊಂದು ಮಾತು ಹೇಳಲಿಕ್ಕೆ ಹೇಳಿದ್ದಾಳೆ" ಎಂದರು. ಒಂದು ಬೀಜವೂ ಕರಕಲಾಗಿಲ್ಲ, ಒಂದೂ ಹಸಿ ಉಳಿದಿಲ್ಲ, ಹಣ್ಣನ್ನು ಬೇರೆ ತೆಗೆದಿಟ್ಟು ಹುರಿದಿದ್ದಾರೆ, ಅದಕ್ಕೇ ಅದರ ಹುಳಿ ಕೆಟ್ಟಿಲ್ಲ. "ವಹಿನೀಂಚಾ ಹಾತ್ ಖೂಪ್ ಹಲಕಾ ಆಹೇ", ಅತ್ತಿಗೆಯ ಕೈ ಬಹಳ ಹಗುರ, ಹದ ತಿಳಿದ ಕೈ. ಸೇಠ್ ಕೂಡ ಉಳಿದದ್ದನ್ನು ಮುಗಿಸಿದರಂತೆ.

ಇಷ್ಟು ವರ್ಷ ಇವರ ಬಾಯಿಂದ ಕೇಳಬೇಕೆಂದಿದ್ದ ಮಾತು ಇವರ ಬಾಯಿಂದಲೇ ಬಂತು, ಆದರೆ ಕೊರಿಯರ್‌ನವನು ತಂದುಕೊಟ್ಟ ಹಾಗೆ. ನಾನು ಮೆಲ್ಲಗೆ, ನೀವು ತಿಂದಿರಾ ಎಂದು ಕೇಳಿದೆ. ಬೆಳಿಗ್ಗೆ ರೈಲಿನಲ್ಲೇ ಒಂದು ಮುಷ್ಟಿ ತಿಂದಿದ್ದರಂತೆ. ಮತ್ತೆ ಹುರಿದದ್ದೆಂದು ಗೊತ್ತಾಗಲಿಲ್ಲವೇ ಎಂದೆ.

"ದಿವಾ, ಮುಂಬ್ರಾ ಹತ್ರ ನಿಲ್ಲಲಿಕ್ಕೇ ಜಾಗ ಇರುದಿಲ್ಲ. ರುಚಿಗೆ ಎಲ್ಲಿ ಜಾಗ? ಒಳ್ಳೇದಿತ್ತು."

ಅಂದಿನಿಂದ ಇವರ ಚೀಲದಲ್ಲಿ ಪ್ರಾಜಕ್ತಾಳಿಗೊಂದು ಸಣ್ಣ ಡಬ್ಬಿ ಹೋಗುತ್ತಿದೆ. ಒಮ್ಮೆ ಹಲಸಿನ ಹಪ್ಪಳ, ಒಮ್ಮೆ ಮೆಂತೆ ಹಿಟ್ಟು. ಸಂಜೆ ಇವರು ಬಂದ ಕೂಡಲೇ ಕಾಫಿ ಕೊಡುವ ಮೊದಲು ಅವಳೇನು ಹೇಳಿದಳು ಎಂದು ಕೇಳುತ್ತೇನೆ. ಅವಳು ಸರಿಯಾಗಿಯೇ ಹೇಳಿರುತ್ತಾಳೆ, ಕೊತ್ತಂಬರಿ ಒಂದು ಹಿಡಿ ಹೆಚ್ಚಾಗಿದೆ ಎಂಬುದನ್ನೂ. ಸಿಸ್ಟರ್ ಕಲಿಸಿದಂತೆ ಪಾಪದಿಂದ ಪಾರಾದೆ ಎಂದುಕೊಂಡಿದ್ದೆ. ಮೊನ್ನೆ ಇವರು ಕಾಫಿ ಹೀರುತ್ತಾ, ಕಚೇರಿಗೆ ಹೊಸದಾಗಿ ಬಂದ ಅಕೌಂಟೆಂಟನ ಹೆಂಡತಿ ಅಗಸೆ ಚಟ್ನಿ ಕಳಿಸಿದ್ದಳು, ಪ್ರಾಜಕ್ತಾ ಎರಡು ಸಲ ಕೇಳಿ ಹಾಕಿಸಿಕೊಂಡಳು ಎಂದರು. ಆಕೆಯ ಮನೆ ಐರೋಲಿಯಲ್ಲಂತೆ. ಹೆಸರೂ ಗೊತ್ತಿಲ್ಲ, ಮುಖವೂ ಗೊತ್ತಿಲ್ಲ. ಆದರೆ ಅವಳ ಕೈ ನನ್ನದಕ್ಕಿಂತ ಭಾರ ಎಂದು ಮಾತ್ರ ನನಗೆ ಖಂಡಿತವಾಗಿ ಗೊತ್ತು.